ನಿನ್ನ ಹೆಸರಿನ ಖಾತೆ

ಮನೆ, ಮಹಡಿ ಮೆಟ್ಟಿಲ ಕೆಳಗಿನಿಂದ
ಮಾರ್ಚ್ ೪, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ, ಅಥವಾ ಈಗಲೂ ಕುರ್ಚಿಯ ಮೇಲೆ ಕಾಲು ಮಡಚಿ ಕೂತೇ ಕೆಲಸ ಮಾಡುತ್ತೀಯೇ? ಎರಡು ವರ್ಷದ ಮೇಲೆ ಬರೆಯುವ ತಮ್ಮ ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ಬೈಸಿಕೊಳ್ಳಬೇಕು. ನಿನ್ನ ವಿಳಾಸ ನಿನ್ನೆಯಷ್ಟೇ ಸಿಕ್ಕಿತು, ನಿನ್ನ ಜೊತೆ ಓದಿದ ದಪ್ಪ ಕನ್ನಡಕದ ಗೆಳತಿಯಿಂದ. ಫೋನ್ ನಂಬರ್ ಅವಳ ಹತ್ತಿರವೂ ಇಲ್ಲ. ನೀನು ನಂಬರ್ ಬದಲಾಯಿಸುವಷ್ಟು ಸಲ ಜನ ದಿಂಬಿನ ಕವರ್ ಬದಲಾಯಿಸುವುದಿಲ್ಲ.

ಅಮ್ಮನ ಸುದ್ದಿ ಹೇಳಬೇಕು. ನವೆಂಬರಿನಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಮೂವತ್ತು ವರ್ಷ ಮಕ್ಕಳಿಗೆ ಸುಮ್ಮನಿರಿ ಎಂದು ಹೇಳಿದ ಟೀಚರು ಈಗ ತಾನೇ ಸುಮ್ಮನಾಗಿದ್ದಾಳೆ. (ಈ ತಮಾಷೆಯನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದೆ. ಅವಳೇ ಓದಿದ್ದರೆ ಅರ್ಧ ಬಾಯಲ್ಲಿ ನಗುತ್ತಿದ್ದಳು.) ಹತ್ತು ದಿನದ ಹಿಂದೆ ಎರಡನೆಯ ಸಲ ಹೊಡೆಯಿತು. ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, "ನೋಡಬೇಕಾದವರು ಯಾರಾದ್ರೂ ಇದ್ರೆ ತಡಮಾಡದೆ ಕರೆಸಿಬಿಡಿ" ಎಂದರು. ಮನೆಗೆ ಕರೆತಂದಿದ್ದೇವೆ. ಅಪ್ಪ ಚಮಚದಲ್ಲಿ ನೀರು ಕುಡಿಸುತ್ತಾನೆ. ಅವನ ಕಣ್ಣಿಗೆ ಕಾಣಿಸುವಷ್ಟು ಬಾಯಿಗೆ, ಉಳಿದದ್ದು ಗಲ್ಲಕ್ಕೆ.

ಇನ್ನು ನಿನ್ನ ಸರ್ವರ್ ವಿಷಯ. ಮೆಟ್ಟಿಲ ಕೆಳಗೆ ಚಪ್ಪಲಿಗಳ ಪಕ್ಕ ನೀನು ಹಳೇ ಕಂಪ್ಯೂಟರ್ ಇಟ್ಟು, ಅದರಲ್ಲಿ ಮನೆಯವರಿಗಷ್ಟೇ ಒಂದು ಚಾಟ್ ಕಟ್ಟಿ, ಇನ್ನು ಮನೆಯವರ ಮಾತು ಮನೆಯಲ್ಲೇ ಇರುತ್ತದೆ ಎಂದಾಗ, ಸರ್ವರ್ ಎಂದರೆ ಹೋಟೆಲಿನಲ್ಲಿ ತಟ್ಟೆ ತರುವವನಲ್ಲವೇ ಎಂದು ಅಪ್ಪ ಕೇಳಿದ್ದ. ಸರ್ವರಿಗೂ ಸೇರಿದ್ದು ಎಂದು ಅಮ್ಮ ಅರ್ಥ ಹೇಳಿದ್ದಳು. ಅದರ ಅಡ್ಮಿನ್ ಟೋಕನ್, ಅಂದರೆ ಯಜಮಾನಿಕೆಯ ಗುಟ್ಟಿನ ಕೀಲಿ, ನನ್ನ ಕೈಗಿಟ್ಟವಳು ನೀನು. ಪರದೆಯ ಗುಂಡಿಗಳ ಹಂಗಿಲ್ಲದೆ ಹಿಂಬಾಗಿಲಿನಿಂದ ನೇರ ಅಪ್ಪಣೆ ಕೊಡುವ ದಾರಿಗೆ ಎಪಿಐ ಎನ್ನುತ್ತಾರೆ ಎಂದು ಕಲಿಸಿದವಳೂ ನೀನೇ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದವನು ಕಾಯುತ್ತಾನೆ, ಇಲ್ಲಿ ಹಿಡಿದವನು ಆಳುತ್ತಾನೆ. ನಾನು ಆಳಿದ್ದು ಒಂದೇ ದಿನ, ಹಾಳಾದದ್ದು ಎರಡು ವರ್ಷ.

ಅಪ್ಪನ ಕಣ್ಣು ಮಂಜಾಗಿದೆ, ಬಸ್ಸು ಓಡಿಸಲು ಬಿಡಬೇಡಿ ಎಂದು ನೀನು ಡಿಪೋಗೆ ಬರೆದದ್ದು ಸರಿಯೇ ಆಗಿತ್ತು. ಈಗ ಅದು ಅಪ್ಪನಿಗೂ ಗೊತ್ತು. ಅವತ್ತು ಮಾತ್ರ ಅವನು, "ನನ್ನ ಕಣ್ಣು ಕಾಣಲ್ಲ ಅಂತ ಸಾರಿದೋಳು ಇನ್ಮೇಲೆ ನನ್ನ ಕಣ್ಣಿಗೆ ಕಾಣಬಾರದು. ಆ ಚಾಟಲ್ಲೂ ಹೆಸರು ತೆಗಿ" ಎಂದ. ನೀನು ಬ್ಯಾಗು ಹಿಡಿದು ಬಾಗಿಲು ದಾಟಿದ್ದೆ. ಖಾತೆಗೆ ಬರೀ ಬೀಗ ಹಾಕುವ ಅಪ್ಪಣೆಯೂ ಕೈಪಿಡಿಯಲ್ಲಿತ್ತು. ನಾನು ಅಷ್ಟು ದೂರ ಓದದೆ, ಮೊದಲು ಕಣ್ಣಿಗೆ ಬಿದ್ದ ಮುಚ್ಚುವ ಅಪ್ಪಣೆಯನ್ನೇ ಕಳಿಸಿದೆ. ಒಂದೇ ಸಾಲು. ಸರ್ವರ್ ನಿನ್ನನ್ನು ನಿನ್ನ ಫೋನಿನಿಂದಲೂ ಚಾಟಿನ ಎಲ್ಲ ರೂಮುಗಳಿಂದಲೂ ಹೊರಗಟ್ಟಿತು, ನೀನೂ ಅಮ್ಮನೂ ಇಬ್ಬರೇ ಇದ್ದ ರೂಮಿನಿಂದಲೂ. ನೀನು ಹೊರಹೋದೆ ಎಂಬ ಸಣ್ಣ ಬೂದು ಸಾಲು ಅಲ್ಲಿ ಮೂಡಿತು. ಅಮ್ಮ ಅದನ್ನು ಗಮನಿಸದೆ ಅದರ ಕೆಳಗೇ "ತಲುಪಿದೆಯಾ?" ಎಂದು ಬರೆದಳು.

ಮಾರನೆಯ ಬೆಳಿಗ್ಗೆಯೇ ಅಪ್ಪ ಶೂ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ, "ಅದನ್ನ ವಾಪಸ್ ತೆರೆದುಬಿಡು" ಎಂದ. ನನಗೆ ತೆರೆಯಲು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಕಾಲೇಜು ಮೆಟ್ಟಿಲು ಹತ್ತಿದ ನಾಲಿಗೆ ಒಪ್ಪಲಿಲ್ಲ. "ಒಂದ್ಸಲ ಮುಚ್ಚಿದ್ರೆ ಮುಗೀತಪ್ಪ, ಆಗಲ್ಲ" ಎಂದೆ. ಅವನು ಇನ್ನೊಂದು ಶೂ ಹಾಕಿಕೊಳ್ಳದೆ ಬಹಳ ಹೊತ್ತು ಕೂತಿದ್ದ. ಹೊಸ ಪಾಸ್‌ವರ್ಡ್ ಇಟ್ಟು ಮತ್ತೊಂದು ಸಾಲು ಕಳಿಸಿದರೆ ಸಾಕು ಎಂದು ಆರು ತಿಂಗಳ ಮೇಲೆ ತಿಳಿಯಿತು. ಅಷ್ಟರಲ್ಲಿ ಸುಳ್ಳು ಮನೆಯ ಸದಸ್ಯನಾಗಿತ್ತು, ಹೊರಹಾಕುವ ಧೈರ್ಯ ನನಗಿರಲಿಲ್ಲ.

ಅಮ್ಮನಿಗೆ ಖಾತೆ ಮುಚ್ಚಿದ್ದೇ ಗೊತ್ತಿಲ್ಲ. ನೀನು ಎಲ್ಲ ಓದುತ್ತೀಯ, ಕೋಪಕ್ಕೆ ಉತ್ತರ ಕೊಡುತ್ತಿಲ್ಲ ಎಂದು ನಂಬಿದ್ದಳು. ನೀನೋ, ಅಮ್ಮನೂ ಸೇರಿಯೇ ನಿನ್ನನ್ನು ಹೊರಹಾಕಿದರು ಎಂದು ಗೆಳತಿಗೆ ಹೇಳಿದ್ದೆಯಂತೆ. ಇಲ್ಲ ಕಣೇ. ಹೋದ ಸೋಮವಾರ ಖಾತೆ ತೆರೆದು ನಿನ್ನನ್ನು ಆ ರೂಮಿಗೆ ಸೇರಿಸಿದ್ದೇನೆ, ಹಳೆಯದೆಲ್ಲ ಕಾಣುತ್ತದೆ. ಅಮ್ಮ ಬರೆದದ್ದು ಆರುನೂರಕ್ಕೂ ಹೆಚ್ಚು ಮೆಸೇಜು. ಓದಬಾರದಿತ್ತು, ಓದಿದೆ. ನವೆಂಬರಿನವರೆಗೆ ಉದ್ದುದ್ದ, ಅಲ್ಪವಿರಾಮವೂ ತಪ್ಪದೆ. ಆಮೇಲೆ ಎಡ ಹೆಬ್ಬೆರಳಿನಲ್ಲಿ ಒಂದೆರಡು ಪದ. "ಕೈ ಬರಲ್ಲ." "ನಿದ್ದೆ ಇಲ್ಲ." "ಊಟ ಆಯ್ತಾ."

ಅಪ್ಪ ಏನೂ ಹೇಳಿಕಳಿಸಿಲ್ಲ. ನಿನಗೆ ಬರೆಯುತ್ತಿದ್ದೇನೆ ಎಂದಾಗ ಪೆಟ್ಟಿಗೆಯೆಲ್ಲ ತಡಕಾಡಿ ಲಕೋಟೆ ಹುಡುಕಿಕೊಟ್ಟ. ಪಾಸ್‌ವರ್ಡ್ ಈ ಕಾಗದದ ಹಿಂದಿದೆ. ನಿನ್ನಿಂದ ಬರುವ ಬೈಗುಳವನ್ನು ಆಶೀರ್ವಾದದಂತೆ ತಲೆಬಗ್ಗಿಸಿ ಪಡೆಯುವೆ.

ನಿನ್ನ ತಮ್ಮ,
ಬಾಲಂಗೋಚಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ: ಅಡ್ಮಿನ್ ಆದವನು ಯಾರ ಹೆಸರಿನಲ್ಲಾದರೂ ಒಳಗೆ ಹೋಗಬಹುದು, ಅದಕ್ಕೂ ಒಂದು ಅಪ್ಪಣೆಯಿದೆ. ಹೋದ ಮಂಗಳವಾರ ಅಮ್ಮ, "ಕೋಪ ಇರಲಿ. ಒಂದು ಚುಕ್ಕೆ ಹಾಕು" ಎಂದು ಬರೆದಳು. ನಾನು ನೀನಾಗಿ ಒಳಗೆ ಹೋಗಿ ಚುಕ್ಕೆ ಹಾಕಿದೆ. ಪಕ್ಕದ ಕೋಣೆಯಿಂದ ಅವಳು ಎಂಥದೋ ಸದ್ದು ಮಾಡಿದಳು, ಅಪ್ಪ ಬಿದ್ದೆದ್ದು ಓಡಿದ. ಅವತ್ತಿನಿಂದ ನಿನ್ನ ಹೆಸರಿನಲ್ಲಿ ಅವಳಿಗೆ ಉತ್ತರ ಬರೆಯುತ್ತಿರುವವನು ನಾನು. ನಿನ್ನೆ, ಯಾವಾಗ ಬರುತ್ತೀಯ ಎಂದು ಕೇಳಿದಳು. ಬರುವ ಭಾನುವಾರ ಎಂದು ಬರೆದುಬಿಟ್ಟೆ. ಇನ್ನು ಒಂದಕ್ಷರವನ್ನೂ ನಾನು ಬರೆಯುವುದಿಲ್ಲ. ಈ ಕಾಗದ ಬುಧವಾರ ನಿನ್ನ ಕೈ ಸೇರುತ್ತದೆ ಎಂದು ಅಂಚೆಯವರು ಹೇಳುತ್ತಾರೆ. ಶನಿವಾರ ತನ್ನ ತಲೆಗೆ ನೀರು ಹಾಕಬೇಕೆಂದು ಅಮ್ಮ ಅಪ್ಪನಿಗೆ ಎಡಗೈಯಲ್ಲಿ ಸನ್ನೆ ಮಾಡಿ ತೋರಿಸಿದ್ದಾಳೆ.