ಬಿಸಿಯೇರದ ಎಂಜಿನ್

ಮನೆಯಿಂದ,
ಮಾರ್ಚ್ ಹದಿನಾಲ್ಕು, ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಕೆಮ್ಮು ಹೇಗಿದೆ? ಸುರಂಗದೊಳಗೆ ಹೋಗುವಾಗ ತಪ್ಪದೆ ಮಾಸ್ಕ್ ಹಾಕಿಕೊಳ್ಳುತ್ತೇನೆ ಅನ್ನುತ್ತೀಯ, ನನಗೇನೋ ನಂಬಿಕೆಯಿಲ್ಲ. ಎಂಜಿನಿಯರಮ್ಮನೇ ಹಾಕದಿದ್ದರೆ ಕೆಲಸದವರು ಹಾಕುತ್ತಾರಾ? ಬಿಸಿನೀರು ಕುಡಿ, ಕಿವಿ ಮುಚ್ಚುವ ಹಾಗೆ ಹೊದ್ದು ಮಲಗು. ನನ್ನ ಮೊಣಕಾಲು ಅದರ ಪಾಡಿಗೆ ನೋಯುತ್ತದೆ, ನನ್ನ ಪಾಡಿಗೆ ನಾನು ಓಡಾಡುತ್ತೇನೆ. ನಿನ್ನ ಮಗಳು ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾಳೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ಪಕ್ಕದಲ್ಲೇ ಕೂತಿರುತ್ತಾರೆ, ಮತ್ತು ಹೇಳಬೇಕಾದದ್ದು ಅವರ ವಿಷಯವೇ. ಅದಕ್ಕೇ ಈ ಕಾಗದ.

ನಿನ್ನ ಆ ಪುಟಾಣಿ ಕಾರಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ, ನಿನಗೆ ಗೊತ್ತು. ನಾಲ್ಕು ಚಕ್ರದ ಗಾಡಿಗೆ ಮೂರೇ ಸಿಲಿಂಡರ್ ಅಂದರೆ ಏನರ್ಥ? ನಾನು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಗ ಇಂಥದ್ದನ್ನು ಕಂಡಿರಲಿಲ್ಲ. ನಿಂತಲ್ಲಿ ಗಡಗಡ ನಡುಗುತ್ತದೆ, ಕೈಯಿಟ್ಟರೆ ಸ್ಟೇರಿಂಗಿಗೇ ಜ್ವರ ಬಂದ ಹಾಗೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಟರ್ಬೋ ಅನ್ನುವ ಪುಟ್ಟ ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ ಅಂತ ನೀನು ಊಟದ ತಟ್ಟೆಯ ಮೇಲೆ ಚಮಚ ತಿರುಗಿಸಿ ವಿವರಿಸಿದ್ದೆ. ಕೇಳಿದೆ, ಒಪ್ಪಲಿಲ್ಲ. ಅಂಗೈಯಗಲದ ಎಂಜಿನ್ನಿಗೆ ಬಲವಂತವಾಗಿ ಉಸಿರು ತುಂಬಿ ಓಡಿಸಿದರೆ ಎಷ್ಟು ದಿನ ಬಂದೀತು? ಹಾಗಾಗಿ ಆಗಾಗ ಬಾನೆಟ್ ಎತ್ತಿ ಆಯಿಲ್ ನೋಡುವುದು ನನ್ನ ಅಭ್ಯಾಸ.

ಈಚೆಗೆ ಹಾಗೇ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಗೆರೆಗಿಂತ ಮೇಲಿತ್ತು. ಕಮ್ಮಿಯಾದರೆ ಸರಿ, ಹೆಚ್ಚಾಗುವುದೆಂದರೇನು? ಮೂಸಿದೆ. ಪೆಟ್ರೋಲ್ ವಾಸನೆ! ನಾನು ಹೇಳಿರಲಿಲ್ಲವಾ, ಈ ಎಂಜಿನ್ ನಂಬುವಂಥದ್ದಲ್ಲ ಅಂತ ಒಳಗೊಳಗೇ ಖುಷಿಯೂ ಆಯಿತು ಅನ್ನು. ಅಳಿಯಂದಿರಿಗೆ ಹೇಳಿದರೆ ಅವರು ಮುಖ ಆಕಡೆ ತಿರುಗಿಸಿ, “ಹೊಸ ಗಾಡಿಗಳೇ ಹಾಗೆ ಅತ್ತೆ, ಬಿಡಿ” ಅಂದರು. ಭಾನುವಾರ ಅವರು ಮಲಗಿದ್ದಾಗ ಗಾಡಿಯನ್ನು ಮೀಸೆ ಮೆಕ್ಯಾನಿಕ್ ಹತ್ತಿರ ನಾನೇ ತೆಗೆದುಕೊಂಡು ಹೋದೆ. ಅವನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ, ಆದರೆ ಊರಲ್ಲಿ ಇರುವವರಲ್ಲಿ ಅವನೇ ವಾಸಿ. ಅವನು ಕಡ್ಡಿ ಒರೆಸಿ ನೋಡಿ, “ಎಂಜಿನ್‌ದೇನೂ ತಪ್ಪಿಲ್ಲಮ್ಮ. ಬಿಸಿಯಾಗೋ ಮೊದಲೇ ದಿನಾ ಆಫ್ ಮಾಡ್ತಿದ್ರೆ ಪೆಟ್ರೋಲ್ ಆಯಿಲ್ಲಿಗೆ ಇಳಿಯುತ್ತೆ. ಗಾಡಿ ಬರೀ ಬೀದಿ ಕೊನೆವರೆಗೆ ಹೋಗಿ ಬರ್ತಿದೆಯಾ ಹೇಗೆ?” ಅಂತ ಕೇಳಿದ.

ಅಳಿಯಂದಿರು ಕೆಲಸ ಮಾಡುವ ಊರಾಚೆಯ ಟೈಲ್ಸ್ ಕಾರ್ಖಾನೆಗೆ ದಿನಾ ಹೋಗಿಬರುವ ಗಾಡಿ ಬಿಸಿಯಾಗಲಿಲ್ಲ ಅಂದರೆ? ಎಂಜಿನ್ ಮೇಲಿದ್ದ ಅನುಮಾನವೆಲ್ಲ ಒಂದೇ ಏಟಿಗೆ ಅಳಿಯಂದಿರ ಮೇಲೆ ಹೋಯಿತು. ಪುಟ್ಟಿಯನ್ನು ಸ್ಕೂಲಿಗೆ ಕಾರಲ್ಲಿ ಬಿಡುವುದನ್ನು ನಿಲ್ಲಿಸಿ, “ನಡೆದರೆ ಕಾಲಿಗೆ ಒಳ್ಳೇದು” ಅಂದದ್ದು ನೆನಪಾಯಿತು. ಮಗು ಇದ್ದರೆ ಎಲ್ಲಿಗೋ ಹೋಗಲು ತೊಡಕಾಗುತ್ತದೆ ಅಂತ ತಾನೇ? ನನ್ನ ಮನಸ್ಸು ಎಲ್ಲೆಲ್ಲಿಗೆ ಓಡಿತೆಂದು ಬರೆಯಲಾರೆ. ನೀನು ಅಲ್ಲಿ ಕಲ್ಲು ಕೊರೆಸುತ್ತಾ ಇದ್ದೀಯ, ಇಲ್ಲಿ ಯಾರೋ ನಿನ್ನ ಸಂಸಾರಕ್ಕೆ ಕೈಹಾಕುತ್ತಿದ್ದಾರೆ ಅಂದುಕೊಂಡೆ.

ಮರುದಿನ ಅವರು ಹೊರಟ ಮೇಲೆ ತರಕಾರಿ ಚೀಲ ಹಿಡಿದು ನಾನೂ ಹೊರಟೆ. ಹುಡುಕುವುದೇ ಬೇಕಾಗಲಿಲ್ಲ. ಬೀದಿ ಕೊನೆಯ ನೀರಿನ ಟ್ಯಾಂಕಿನ ಹಿಂದೆ ಕಾರು ನಿಂತಿತ್ತು. ಆಚೆಗೇ ಬಸ್ ನಿಲ್ದಾಣ. ಅಲ್ಲಿ ಟಿಫಿನ್ ಡಬ್ಬಿ ಹಿಡಿದು ಅಳಿಯಂದಿರು ಒಬ್ಬರೇ ನಿಂತಿದ್ದರು. ಯಾರಿಗೋ ಕಾಯುತ್ತಿದ್ದಾರೆ ಅಂದುಕೊಂಡು ಅವರ ಎಡಪಕ್ಕಕ್ಕೇ ಹೋಗಿ ನಿಂತೆ, ಮುಖ ನೋಡೋಣ ಅಂತ. ಅವರು ತಿರುಗಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಾನು, ಅವರು ರಸ್ತೆ ನೋಡುತ್ತಲೇ ಇದ್ದಾರೆ. ನಟನೆ ಅಂದುಕೊಂಡೆ. ಅಷ್ಟರಲ್ಲಿ ಎಡಗಡೆಯಿಂದ ಒಂದು ಸೈಕಲ್ ಬಂತು. ಅದೇ ಗಳಿಗೆಗೆ ಇವರು ರಸ್ತೆಗೆ ಕಾಲಿಟ್ಟರು. ಚೀಲ ಬಿಸಾಡಿ ಅಂಗಿ ಹಿಡಿದು ಎಳೆದೆ. ಅವರು ಬೆಚ್ಚಿಬಿದ್ದು, “ಅತ್ತೆ? ನೀವು ಯಾವಾಗ ಬಂದ್ರಿ?” ಅಂದರು.

ಆಮೇಲೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆವು. ಬಸ್ಸು ಬಂತು, ಹೋಯಿತು. “ಎದುರಿಗಿರೋದು ಕಾಣುತ್ತೆ, ಬಣ್ಣನೂ ಚೆನ್ನಾಗಿ ಕಾಣುತ್ತೆ, ಟೈಲ್ಸ್ ಬಣ್ಣ ನೋಡೋ ಕೆಲಸಕ್ಕೆ ತೊಂದರೆಯಿಲ್ಲ. ಅಕ್ಕಪಕ್ಕದ್ದು ಮಾತ್ರ ಕಾಣ್ತಿಲ್ಲ” ಅಂದರು. ದೊಡ್ಡ ರಸ್ತೆಯಲ್ಲಿ ಒಬ್ಬ ಮುದುಕನಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತಂತೆ. ಅವತ್ತಿನಿಂದ ಮಗುವನ್ನು ಕಾರಿಗೆ ಹತ್ತಿಸಿಲ್ಲ, ಬಸ್ಸಲ್ಲೇ ಕಾರ್ಖಾನೆಗೆ. ನನಗೆ ಸಿಟ್ಟು ನೆತ್ತಿಗೇರಿತು. “ಹಾಗಾದ್ರೆ ಇಲ್ಲಿವರೆಗಾದ್ರೂ ಯಾಕ್ರೀ ಓಡಿಸ್ತೀರಿ? ಬೀದೀಲಿ ಮನುಷ್ಯರಿಲ್ವಾ?” ಅಂದೆ. ಅವರು ತಲೆ ತಗ್ಗಿಸಿ, “ದಿನಾ ಗೇಟಿನ ಹತ್ರ ನಿಂತು ನೋಡ್ತಿರ್ತೀರಲ್ಲ ಅತ್ತೆ” ಅಂದರು.

ಕೈ ಚಾಚಿದೆ. ಅವರು ಕೀಲಿ ಇಟ್ಟರು. “ಅವಳಿಗೆ ಬರೀಬೇಡಿ, ಕೆಲಸ ಬಿಟ್ಟು ಬಂದುಬಿಡ್ತಾಳೆ” ಅಂತ ಕೇಳಿಕೊಂಡರು. ಹೂಂ ಅಂದೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ, ಹೆಂಡತಿಗೆ ತಿಳಿಸದೆ ಇಡುವ ವಿಷಯವಲ್ಲ ಇದು. ಇವತ್ತು ಮಧ್ಯಾಹ್ನ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಕಾರಲ್ಲೇ. ನಡುಗಿದರೆ ನಡುಗಲಿ ದರಿದ್ರದ್ದು.

ಗಾಬರಿಯಾಗಬೇಡ, ಓಡಿಬರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಪುಟ್ಟಿ ನಿನಗೆ ಹಲ್ಲಿಲ್ಲದ ಮುತ್ತು ಕಳಿಸಿದ್ದಾಳೆ. ನೀನಿರುವ ಗುಡ್ಡ ನಿನ್ನನ್ನು ಜೋಪಾನವಾಗಿ ನೋಡಿಕೊಳ್ಳಲಿ.

ನಿನ್ನ ಅಮ್ಮ

ಇನ್ನೊಂದು ಮಾತು: ಈಗಷ್ಟೇ ಡಾಕ್ಟರಲ್ಲಿಂದ ಬಂದೆವು, ಕವರು ಇನ್ನೂ ಅಂಟಿಸಿಲ್ಲ. ಕಣ್ಣೊಳಗೆ ಒತ್ತಡವಂತೆ. ಹೋದ ದೃಷ್ಟಿ ಬರುವುದಿಲ್ಲ, ದಿನಾ ಹನಿ ಹಾಕಿದರೆ ಉಳಿದದ್ದು ಉಳಿಯಬಹುದಂತೆ. ಆದರೆ ಆ ಡಾಕ್ಟರಮ್ಮ ಬಾಗಿಲಲ್ಲೇ ಇವರ ಗುರುತು ಹಿಡಿದು, “ಎಷ್ಟು ತಿಂಗಳಾಯ್ತು ನೀವು ಬಂದು, ಹನಿ ಬಿಟ್ಟುಬಿಟ್ರಾ? ಹನಿ ಹಾಕ್ತಿದ್ದ ನಿಮ್ಮ ಹೆಂಡ್ತಿ ಬರ್ಲಿಲ್ವಾ ಈ ಸಲ?” ಅಂದರು. ಇವರು ನನ್ನ ಮುಖ ನೋಡಲಿಲ್ಲ. ಅಂದರೆ ನಿನಗೆ ಗೊತ್ತಿತ್ತು. ನೀನೇ ಹನಿ ಹಾಕುತ್ತಿದ್ದೆ, ನೀನು ಹೋದ ಮೇಲೆ ಇವರು ನಿಲ್ಲಿಸಿಬಿಟ್ಟರು. ಒಂದೇ ಮನೆಯಲ್ಲಿದ್ದ ನನಗೆ ಒಂದು ಮಾತು ಹೇಳಿ ಹೋಗಿದ್ದರೆ ನಾನು ಹಾಕುತ್ತಿರಲಿಲ್ಲವಾ? ಇನ್ನು ಮೇಲೆ ಹಾಕುತ್ತೇನೆ. ಬಯ್ಯುವುದಿಲ್ಲ ಕಣೇ, ನನ್ನಿಂದ ಯಾಕೆ ಮುಚ್ಚಿಟ್ಟೆ ಅಂತ ಮಾತ್ರ ಬರಿ. ಫೋನ್ ಮಾಡಬೇಡ, ಅವರು ಪಕ್ಕದಲ್ಲಿರುತ್ತಾರೆ.