ಮರಿತಾಯಮ್ಮನ ಮನೆ ದಾಟಿದ ಬ್ಯಾಂಡ್

6 ನವೆಂಬರ್ 1994, ಗುಂಡ್ಲುಪೇಟೆ
ಕ್ಲಾರಿನೆಟ್ ರೀಡ್ ಮತ್ತೆ ಸೀಳಿತು. ಈ ವರ್ಷ ಮೂರನೆಯದು. ಹೊಸದು ತರಲು ಮೈಸೂರಿಗೆ ಹೋಗಲೇಬೇಕು.
ಸಂಜೆ ಮರಿತಾಯಮ್ಮನವರ ಮನೆಯಲ್ಲಿ ಪಾಠ. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಹಳೇ ಕ್ರಿಸ್ಮಸ್ ಕೀರ್ತನೆ ಕಲಿಸುತ್ತಿದ್ದಾರೆ. ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿಗೆ ಜೋಗುಳ. ನೋಟ್ಸ್ ಇಲ್ಲ, ಅವರು ಹಾಡಬೇಕು, ನಾನು ಊದಬೇಕು.
"ಎರಡನೇ ಸಾಲಲ್ಲಿ ಓಡ್ತೀಯ ಕಣಪ್ಪ ಮೂಗಯ್ಯ. ಕೂಸು ಎದ್ಬುಡ್ತದೆ."
ಪಕ್ಕದ ಕುರ್ಚಿಯಲ್ಲಿ ಅವರ ಯಜಮಾನರು ಚಿನ್ನಪ್ಪ ನಕ್ಕರು. ಕ್ರಿಸ್ಮಸ್‌ಗೆ ನಮ್ಮನೆ ಮುಂದೆ ಇದನ್ನೇ ನುಡಿಸು ಅಂದರು. ಒಪ್ಪಿಕೊಂಡೆ.

19 ನವೆಂಬರ್
ಚಿನ್ನಪ್ಪನವರು ತೀರಿಕೊಂಡರು. ಎದೆನೋವಂತೆ. ಮಣ್ಣಿಗೆ ಹೋಗಿ ಬಂದೆ.

17 ಡಿಸೆಂಬರ್
ಧನುರ್ಮಾಸ. ಮದುವೆ ಇಲ್ಲ. ನಮ್ಮ ಬ್ಯಾಂಡ್‌ಸೆಟ್‌ಗೆ ಇರುವುದು ಚರ್ಚಿನವರ ಕ್ಯಾರಲ್ ಒಂದೇ... ಮನೆಮನೆ ಮುಂದೆ ನಿಂತು ಹಾಡುವುದು.
ಯಾವ ಹಾಡು? ಅಲ್ಲೇ ತಲೆ ಚಿಟ್ಟು ಹಿಡಿಯಿತು. ಪಾದ್ರಿಗಳಿಗೆ ಇಂಗ್ಲಿಷಿನದು, ಎಳೆದೂ ಎಳೆದೂ. ಟೈರ್ ಅಂಗಡಿ ವರ್ಕಿ ಯೂತ್ ಸೆಕ್ರೆಟರಿ, ಅವನಿಗೆ ಮಲಯಾಳಂನದು, ಡ್ರಮ್ ಹರಿಯಬೇಕು. ಹಾಡುವ ಚರ್ಚಿನ ಹುಡುಗರಿಗೆ ಕ್ಯಾಸೆಟ್ ಹಾಡು, ಸಿನಿಮಾ ಟ್ಯೂನಿಗೆ ಏಸುವಿನ ಹೆಸರು ಸೇರಿಸಿದ್ದು.
ಕೀರ್ತನೆ ಅಂದೆ. "ಅದು ಸ್ಲೋ, ಜನ ಮಲಗಿಬಿಡ್ತಾರೆ" ಅಂದ ವರ್ಕಿ. ಜೋಗುಳ ಇನ್ಯಾತಕ್ಕೆ ಇರುವುದು, ಪೆದ್ದ!
ಜಗಳ ಆಡಿ ಕೊನೆಯ ನಂಬರ್ ಆಗಿ ಸೇರಿಸಿದೆ.

21 ಡಿಸೆಂಬರ್
ಕ್ಯಾರಲ್ ಆಯಿತು. ತುಟಿ ಊದಿಕೊಂಡಿದೆ. ಡ್ರಮ್ ಪುಟ್ಟಮಾದು ಎಲ್ಲ ಹಾಡಿಗೂ ಮದುವೆ ಮೆರವಣಿಗೆ ಪೆಟ್ಟನ್ನೇ ಹಾಕಿದ. ಕೀರ್ತನೆಗೆ ಟೈಮ್ ಸಿಗಲೇ ಇಲ್ಲ.
ಮರಿತಾಯಮ್ಮನ ಬೀದಿಗೆ ಬಂದಾಗ ಏಳು ಗಂಟೆ. ವರ್ಕಿ ಹಿಂದಿನ ಮನೆಯಲ್ಲಿ ಕೇಕ್ ತಿನ್ನುತ್ತ ಉಳಿದಿದ್ದ. ನಾನೇ ಕೈ ಎತ್ತಿ ಬ್ಯಾಂಡ್ ನಿಲ್ಲಿಸಿದೆ.
"ಸಾವಾದ ಮನೆ ಕಣ್ಲಾ ಮಾದು. ವರ್ಷ ತುಂಬಿಲ್ಲ."
"ಊಂ ಮೂಗಣ್ಣ, ಊದಬಾರ್ದು ಬುಡು."
ತಲೆ ತಗ್ಗಿಸಿ ಸದ್ದಿಲ್ಲದೆ ದಾಟಿದೆವು. ಹುಡುಗರೂ ಹಿಂದೆ ಬಂದರು. ಇಡೀ ದಿನದಲ್ಲಿ ಸರಿಯಾಗಿ ಮಾಡಿದ ಕೆಲಸ ಅದೊಂದೇ.

23 ಡಿಸೆಂಬರ್
ವರ್ಕಿ ಬಂದು ಉಗಿದ. ಸಾವಾದ ಮನೆ ಅಂತ ನುಡಿಸದೆ ದಾಟುವುದು ಕ್ರೈಸ್ತರಲ್ಲಿ ಇಲ್ಲವಂತೆ. ಆಯಮ್ಮ ಬಾಗಿಲಲ್ಲಿ ಎರಡು ಕುರ್ಚಿ ಹಾಕಿ ಕಾದಿದ್ದರಂತೆ. ಒಂದು ತಮಗೆ. ಒಂದು ಯಜಮಾನರದು.
ನಾನು ತಲೆ ಎತ್ತಿಯೂ ನೋಡಲಿಲ್ಲ. ವರ್ಕಿ ಮೇಲೆ, ಪಾದ್ರಿ ಮೇಲೆ, ಮಾದು ಮೇಲೆ ಇಷ್ಟು ದಿನ ಕೂಗಾಡಿದೆ... ಆ ಹಾಡು ಕೊಂದವನು ನಾನೇ.

24 ಡಿಸೆಂಬರ್
ಸಂಜೆ ಐದಕ್ಕೆ ಮರಿತಾಯಮ್ಮನವರ ಮನೆಗೆ ಒಬ್ಬನೇ ಹೋದೆ. ಕುರ್ಚಿಗಳು ಅಲ್ಲೇ ಇದ್ದವು.
"ಬ್ಯಾಂಡ್ ನಿಲ್ಸಿದ್ದು ನೀನಾ?"
"ಸೂತಕದ ಮನೆ ಅಂತ... ತಪ್ಪಾಯ್ತು ಕಣವ್ವ."
"ಯಜಮಾನ್ರು ಸತ್ರು ಅಂತ ಏಸಪ್ಪ ಹುಟ್ಟೋದು ನಿಂತೋಯ್ತದಾ?"
ಬೈದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕುಳಿತುಕೊಂಡು, "ನುಡ್ಸು" ಅಂದರು.
ನುಡಿಸಿದೆ. ಎರಡನೇ ಸಾಲಿನಲ್ಲಿ ಓಡಲಿಲ್ಲ. ಆಕೆ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, "ಕೇಳುದ್ರಾ, ಈಗ ಸರಿ ಬಂತು" ಅಂದರು.
ಅಲ್ಲಿಂದ ಮುಂದಕ್ಕೆ ನನಗೆ ಊದಲಾಗಲಿಲ್ಲ. ಉಳಿದ ಸಾಲುಗಳನ್ನು ಅವರೇ ಹಾಡಿ ಮುಗಿಸಿದರು.