ಗುಂಡಿಯ ಮೇಲೆ ನಿಲ್ಲುವವನು

ಗುರುವಾರ, ಮಧ್ಯಾಹ್ನ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನನ್ನ ಚಿಕ್ಕ ಮಗಳಿಗೆ, ಅಮ್ಮ ಬರೆಯುವುದು.

ಸಿಟ್ಟಿನಲ್ಲೂ ಹೊಟ್ಟೆತುಂಬ ಉಣ್ಣುತ್ತಿದ್ದೀಯ ಅಂದುಕೊಂಡಿದ್ದೇನೆ. ನಿನ್ನಪ್ಪ ಇನ್ನೂ ಆಸ್ಪತ್ರೆಯ ಶವಾಗಾರದಲ್ಲೇ ಇದ್ದಾರೆ. ನಿನ್ನೆ ನೋಡಿ ಬಂದೆ. ಜಾಗ ಸಾಲದೆ ಒಂದೊಂದು ಕಪಾಟಿನಲ್ಲಿ ಇಬ್ಬಿಬ್ಬರನ್ನು ಮಲಗಿಸಿದ್ದಾರೆ. ಕಾವಲಿನವಳು, "ಪಕ್ಕದೋರ ಜೊತೆ ಜಗಳ ಗಿಗಳ ಏನಿಲ್ಲಮ್ಮ, ಆರಾಮಾಗಿದಾರೆ" ಅಂದಳು. ನಗು ಬಂತು. ಆಮೇಲೆ ಅಳು ತಡೆಯಲಾಗಲಿಲ್ಲ. ಜೀವಮಾನವಿಡೀ ನಗರಸಭೆಯ ಸ್ಮಶಾನದಲ್ಲಿ ಗುಂಡಿ ತೋಡಿದ ಮನುಷ್ಯ!

ಗುಂಡಿ ತೋಡುವವರ ಮುಷ್ಕರ ಮುಗಿಯುವ ಲಕ್ಷಣ ಇಲ್ಲ. ನಗರಸಭೆಯವರು ಬಾಡಿಗೆಗೆ ಅಗೆಯುವ ಯಂತ್ರ ತರಿಸಿದರು. ಅದು ಪಕ್ಕದ ಹಳೆಯ ಸಮಾಧಿಯನ್ನೇ ಬಗೆದು ಹಾಕಿತು. ಜನ ಅದರ ಚಾಲಕನನ್ನು ಅಟ್ಟಿಸಿಕೊಂಡು ಹೋದರು. ನಮ್ಮ ಬೀದಿಯ ದರ್ಜಿ ತಾಯಿಯನ್ನು ಹಿತ್ತಲಲ್ಲೇ ಹೂತ. ಹಾಲು ತರಲು ಹೋದರೆ, "ನಿಮ್ಮ ಅಳಿಯನಿಂದಾನೇ ಇದೆಲ್ಲ" ಅಂತ ಮುಖಕ್ಕೇ ಹೇಳುತ್ತಾರೆ.

ಆದರೆ ನೆನಪು ಮಾಡಿಕೊ. ನಾನು ನಿನ್ನಪ್ಪನಿಗೆ ಬುತ್ತಿ ಒಯ್ದು, ಸಮಾಧಿಗಳ ಮೇಲಿನ ಹೆಸರು ಓದುತ್ತ ಅಕ್ಷರ ಕಲಿತ ಕಾಲದಿಂದಲೂ ಅಲ್ಲೊಂದು ಕಟ್ಟಳೆ. ಒಬ್ಬ ಕೆಳಗಿಳಿದರೆ ಇನ್ನೊಬ್ಬ ಮೇಲೆ ನಿಂತು ಮಾತಾಡುತ್ತಲೇ ಇರಬೇಕು. ಕೆಳಗಿನಿಂದ ಮರುಮಾತು ಬರದಿದ್ದರೆ ಮಣ್ಣು ಕುಸಿದಿದೆ ಎಂದೇ ಅರ್ಥ. ನಿನ್ನಪ್ಪನ ಪೋಲಿ ಜೋಕುಗಳೆಲ್ಲ ಹುಟ್ಟಿದ್ದು ಗುಂಡಿಯೊಳಗೇ. ಸುಮ್ಮನೆ ನಿಂತು ಹರಟುವವನಿಗೆ ಸಂಬಳ ಯಾಕೆ ಎಂದು ನಗರಸಭೆ ಮೇಲೆ ನಿಲ್ಲುವವನನ್ನು ಕೆಲಸದಿಂದ ತೆಗೆಯಿತು. ಮಳೆ ಬಿದ್ದ ಮಾರನೆಯ ದಿನ ಕುಳ್ಳ ಒಬ್ಬನೇ ಇಳಿದ. ನಿನ್ನ ಮದುವೆಯಲ್ಲಿ ಕುಣಿದು ಚಪ್ಪಲಿ ಹರಿದುಕೊಂಡನಲ್ಲ, ಅದೇ ಕುಳ್ಳ. ಸಂಜೆ ಗೇಟು ಹಾಕಲು ಹೋದವರಿಗೆ ಗುಂಡಿಯ ಅಂಚಿನಲ್ಲಿ ಅವನ ಟೋಪಿ ಮಾತ್ರ ಕಂಡಿತು.

ಮುಷ್ಕರ ಅದಕ್ಕೇ. ಮೇಲಿನವನು ವಾಪಸು ಬರುವ ತನಕ ಯಾರೂ ಇಳಿಯುವುದಿಲ್ಲ ಎಂದು ಮೊದಲು ಹೇಳಿದವನು ನಿನ್ನ ಗಂಡ. "ನಮ್ಮಪ್ಪನಿಗೂ ತೋಡಲ್ವಾ?" ಅಂತ ನೀನು ಕೇಳಿದಾಗ "ಆಗಲ್ಲ" ಎಂದು ತಲೆ ತಗ್ಗಿಸಿದ. ನೀನು ಬಟ್ಟೆ ಕಟ್ಟಿಕೊಂಡು ಹೊರಟೆ. ಈಗ ಅವನು ತಟ್ಟೆಯ ಮುಂದೆ ಕೂತು ಹಾಗೇ ಎದ್ದು ಹೋಗುತ್ತಾನೆ. ಕಲ್ಲೆದೆಯವನು ಅಂತ ಅಕ್ಕನ ಹತ್ತಿರ ಅಂದೆಯಂತೆ. ಅನ್ನಬೇಡ ಕಣೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಅಪ್ಪ ತೀರಿದ ಬೆಳಿಗ್ಗೆ, ನೀನು ಕೇಳುವ ಮೊದಲೇ, ನಿನ್ನ ಗಂಡ ಗುದ್ದಲಿ ಹೊತ್ತು ಹೊರಟಿದ್ದ. ಜೊತೆಯವರ ಹೆಸರು ಕೆಡಬಾರದೆಂದು ಒಬ್ಬನೇ. "ಮಾವನಿಗೊಂದೇ, ಅತ್ತೆ. ಬೇಗ ಮುಗಿಸಿ ಬರ್ತೀನಿ" ಅಂದ. ಹಿಂದಿನ ದಿನವಿಡೀ ಮಳೆ. ಗುದ್ದಲಿ ಕಸಿದುಕೊಂಡೆ. ನನ್ನ ಗಂಡ ಕಾಯುತ್ತಾರೆ. ನಿನ್ನ ಗಂಡನ ಮೇಲೆ ಮಣ್ಣು ಬಿದ್ದರೆ ಎಳೆದು ತೆಗೆಯುವ ಶಕ್ತಿ ನನ್ನ ತೋಳಲ್ಲಿಲ್ಲ. ನೀನು ನನ್ನನ್ನೂ ಬಿಟ್ಟು ಹೋದೀಯ ಎಂಬ ಹೆದರಿಕೆಗೆ, ನಿನಗೆ ಹೇಳಕೂಡದು ಅಂತ ಅವನಿಂದ ಆಣೆ ಮಾಡಿಸಿಕೊಂಡೆ. ನೀನು ಕೇಳಿಸಿಕೊಂಡ "ಆಗಲ್ಲ" ನನ್ನದು. ಗುದ್ದಲಿ ಇನ್ನೂ ನನ್ನ ಮಂಚದ ಕೆಳಗಿದೆ.